ಪ್ಯಾಂಕ್ರಿಯಾಸ್‌ನ ಹಳೇ ನೋವು: ಶಾಖ ಕೊಟ್ಟ ಮೇಲೆ ಮಲಗಬೇಡಿ, ಎದ್ದು ನಡೆಯಿರಿ

ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಒಬ್ಬರು ಹಾಸನದ ನಮ್ಮ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ಮಾತಾಡುವ ಮೊದಲೇ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಹೊಕ್ಕುಳಿನ ಮೇಲೆ, ಪಕ್ಕೆಲುಬಿನ ಕೆಳಗೆ, ಮೀನಿನ ಬಲೆ ಹಾಸಿದ ಹಾಗೆ ಕಂದು ಗೆರೆಗಳು. ಸರ್ಪಸುತ್ತು ಇರಬೇಕು ಅಂತ ಊರಲ್ಲಿ ಯಾರೋ ಕೆಮ್ಮಣ್ಣು ಹಚ್ಚಿದ್ದರಂತೆ.

ಅದು ಸರ್ಪಸುತ್ತು ಅಲ್ಲ. ದಿನಕ್ಕೆ ಆರೇಳು ಸಲ ಬಿಸಿನೀರಿನ ಬ್ಯಾಗು. ಮಳೆಗಾಲದ ಸಂಜೆ ಬಚ್ಚಲೊಲೆಯ ಮುಂದೆ ಹೊಟ್ಟೆ ಕಾಯಿಸಿಕೊಂಡು ಕೂರುವುದು. ಹೀಗೆ ಎರಡು ವರ್ಷ. ಸುಡದಷ್ಟು ಬಿಸಿ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ತಾಗುತ್ತಿದ್ದರೆ ಚರ್ಮದ ಮೇಲೆ ಇಂಥ ಬಲೆ ಮೂಡುತ್ತದೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್‌ನ ಉರಿಯೂತ) ಇರುವವರ ಹೊಟ್ಟೆ, ಬೆನ್ನಿನ ಮೇಲೆ ಇದು ವೈದ್ಯರಿಗೆ ಪರಿಚಯದ ಗುರುತು.

'ಇಟ್ಟಷ್ಟು ಹೊತ್ತು ತಡೀತದೆ ಮೇಡಂ, ತೆಗೆದ್ರೆ ಮತ್ತೆ ಶುರು' ಅಂದರು.

'ತಡೆದಾಗ ಏನು ಮಾಡ್ತೀರಿ?'

'ಮಲಗ್ತೀನಿ.'

ನಾನು ಹೇಳಬೇಕಾದ್ದು ಇಲ್ಲೇ ಇದೆ. ಶಾಖವೋ, ಕರೆಂಟಿನ ಪ್ಯಾಡೋ, ನೋವನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುತ್ತದೆ, ಅಷ್ಟೇ. ಸಿಕ್ಕ ಆ ಅರ್ಧ ಗಂಟೆ, ಒಂದು ಗಂಟೆಯನ್ನು ಕೈಕಾಲಿಗೆ ಕೆಲಸ ಕೊಡಲು ಬಳಸಿಕೊಂಡರೆ ಲಾಭ. ಮಲಗಿದರೆ ನೋವೂ ಉಳಿಯುತ್ತದೆ, ಮೈಯ ಕಸುವೂ ಹೋಗುತ್ತದೆ.

ಏನಾಗಿದೆ ಒಳಗೆ?

ಪ್ಯಾಂಕ್ರಿಯಾಸನ್ನು ಕನ್ನಡದಲ್ಲಿ ಮೇದೋಜೀರಕ ಗ್ರಂಥಿ ಅನ್ನುತ್ತಾರೆ. ಸುಮಾರು 15 ಸೆಂಟಿಮೀಟರ್ ಉದ್ದ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುತ್ತದೆ. ಅದಕ್ಕೇ ನೋವು ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುತ್ತದೆ. ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಗುರ ಅನ್ನಿಸುತ್ತದೆ. ಈ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಊಟ ಅರಗಿಸುವ ರಸ ಕೊಡುತ್ತದೆ, ಸಕ್ಕರೆ ಹತೋಟಿಗೆ ಇನ್ಸುಲಿನ್ ಕೊಡುತ್ತದೆ. ವರ್ಷಗಟ್ಟಲೆ ಉರಿಯೂತ ಇದ್ದರೆ ಗ್ರಂಥಿ ಗಟ್ಟಿಯಾಗುತ್ತದೆ, ನಾಳದಲ್ಲಿ ಕಲ್ಲು ಕೂರುತ್ತದೆ, ಎರಡೂ ಕೆಲಸ ಕೆಡುತ್ತವೆ.

ಕುಡಿತ, ಬೀಡಿ ಸಿಗರೇಟು ದೊಡ್ಡ ಕಾರಣಗಳು, ನಿಜ. ಆದರೆ ಕುಡಿಯದವರಿಗೂ ಬರುತ್ತದೆ. ಕೇರಳದ ವೈದ್ಯ ಪಿ.ಜೆ. ಗೀವರ್ಗೀಸ್ 1960ರ ದಶಕದಲ್ಲೇ ಹನಿ ಹೆಂಡ ಮುಟ್ಟದ ಹುಡುಗರಲ್ಲಿ, ಹೆಂಗಸರಲ್ಲಿ ಕಲ್ಲು ತುಂಬಿದ ಪ್ಯಾಂಕ್ರಿಯಾಸ್ ಕಂಡು ದಾಖಲಿಸಿದ್ದರು. ಕೆಲವರಿಗೆ ಹುಟ್ಟಿನಿಂದ ಬಂದ ಜೀನ್ ಕಾರಣ. ನಮ್ಮ ಕಡೆ ಮಾತ್ರ 'ಪ್ಯಾಂಕ್ರಿಯಾಸ್ ಅಂತೆ' ಅಂದ ಕೂಡಲೇ 'ಓ, ಕುಡೀತಿದ್ರಾ?' ಅಂತ ಕೇಳಿಬಿಡುತ್ತಾರೆ. ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಈ ಪ್ರಶ್ನೆಗೆ ಹೆದರಿ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಿಜಿಯೋಥೆರಪಿಯಿಂದ ಗಟ್ಟಿಯಾದ ಗ್ರಂಥಿ ಮೆತ್ತಗಾಗುವುದಿಲ್ಲ, ಕಲ್ಲು ಕರಗುವುದಿಲ್ಲ. ಮುಖ್ಯ ನಾಳದ 5 ಮಿಲಿಮೀಟರ್‌ಗಿಂತ ದೊಡ್ಡ ಕಲ್ಲನ್ನು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡುತ್ತಾರೆ. ಅದು ದೊಡ್ಡಾಸ್ಪತ್ರೆಯ ಕೆಲಸ, ಬೇರೆಯೇ ವಿಷಯ. ನಮ್ಮ ಕೆಲಸ ಗ್ರಂಥಿಯ ಸುತ್ತಲಿನ ಮನುಷ್ಯನದ್ದು. ಕರಗಿದ ಮಾಂಸಖಂಡ, ಬಾಗಿದ ಬೆನ್ನು, ಮೇಲೆ ಮೇಲೆ ಆಡುವ ಉಸಿರು, ಟೊಳ್ಳಾಗುತ್ತಿರುವ ಮೂಳೆ, ನೋವಿನ ಭಯ.

1. ಮೊದಲು ಫೈಲು ಬಿಚ್ಚಿ

ಎಲ್ಲರ ಹತ್ತಿರವೂ ಸ್ಕ್ಯಾನ್ ಸೆಂಟರಿನ ದೊಡ್ಡ ಪ್ಲಾಸ್ಟಿಕ್ ಕವರ್ ಇರುತ್ತದೆ. ಅದನ್ನು ಬಿಚ್ಚದೆ ವ್ಯಾಯಾಮ ಶುರು ಮಾಡಬೇಡಿ. ನಿಮ್ಮ ಗ್ಯಾಸ್ಟ್ರೋ ಡಾಕ್ಟರನ್ನೋ, ಫಿಸಿಷಿಯನ್ನನ್ನೋ ಕಂಡು ಇಷ್ಟು ಕೇಳಿ. ಗ್ರಂಥಿಯ ಪಕ್ಕ ನೀರಿನ ಗುಳ್ಳೆ ಏನಾದರೂ ಇದೆಯಾ? ಗುಲ್ಮದ (ಸ್ಪ್ಲೀನ್) ರಕ್ತನಾಳ ಕಟ್ಟಿದೆಯಾ, ಅದರಿಂದ ಹೊಟ್ಟೆಯೊಳಗಿನ ನಾಳಗಳು ಉಬ್ಬಿವೆಯಾ? ನಾಳ ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಹಾಕಿದ್ದರೆ ಲೋಹದ್ದಾ, ಪ್ಲಾಸ್ಟಿಕ್ಕಾ? ಸಕ್ಕರೆ ಎಷ್ಟಿದೆ? ಮೂಳೆ ಸಾಂದ್ರತೆ, ವಿಟಮಿನ್ ಡಿ ನೋಡಿಸಿದ್ದೀರಾ?

ಗುಳ್ಳೆ ಅಥವಾ ಉಬ್ಬಿದ ನಾಳ ಇದ್ದರೆ ಹೊಟ್ಟೆ ಒತ್ತುವ, ಉಸಿರು ಬಿಗಿಹಿಡಿದು ಭಾರ ಎತ್ತುವ ಯಾವ ಕೆಲಸವೂ ಬೇಡ. ಮೂಳೆ ಟೊಳ್ಳಾಗಿದ್ದರೆ ಬೆನ್ನು ಬಗ್ಗಿಸಿ ಮಾಡುವ ಸಿಟ್‌ಅಪ್ ಬೇಡ. ಈ ಕಾಯಿಲೆಯಲ್ಲಿ ಕೊಬ್ಬು ಅರಗದ ಕಾರಣ ವಿಟಮಿನ್ ಎ, ಡಿ, ಇ, ಕೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಾಗಾಗಿ ನಲವತ್ತರ ಗಂಡಸಿನ ಮೂಳೆಯೂ ಮುದುಕರ ಮೂಳೆಯ ಹಾಗೆ ಆಗಿರಬಹುದು.

ಇನ್ನೊಂದು ನಮ್ಮ ಕಡೆಯದೇ ವಿಷಯ. ಮೇಲ್ಹೊಟ್ಟೆ ನೋವು ಅಂದರೆ 'ಬಟ್ಟಿ ಜಾರಿದೆ' ಅಂತ ಹೊಟ್ಟೆ ತೀಡಿಸುವುದುಂಟು. ಹೆಬ್ಬೆರಳಲ್ಲಿ ಅದುಮಿ ಅದುಮಿ ಎಳೆಯುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಇರುವವರು ದಯವಿಟ್ಟು ಇದನ್ನು ಮಾಡಿಸಬೇಡಿ. ಒಳಗೆ ಗುಳ್ಳೆಯೋ ಉಬ್ಬಿದ ರಕ್ತನಾಳವೋ ಇದ್ದರೆ ಜೀವಕ್ಕೇ ಅಪಾಯ. ಬರೆ ಹಾಕಿಸುವುದರ ಬಗ್ಗೆಯಂತೂ ಹೇಳುವುದೇ ಬೇಡ.

2. ಅಳತೆ ಬರೆದಿಡಿ

ತೂಕವೊಂದನ್ನೇ ನೋಡಿದರೆ ಸಾಲದು. ಮೂರು ಅಳತೆ ಮನೆಯಲ್ಲೇ ಆಗುತ್ತದೆ.

ಕುರ್ಚಿ: ಕೈ ಎದೆಗೆ ಕಟ್ಟಿಕೊಂಡು, ಕೈಯೂರದೆ ಐದು ಸಲ ಎದ್ದು ಕೂರಿ. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಕಾಲಿನ ಬಲ ಕಮ್ಮಿ ಅಂತ ಏಷ್ಯಾದ ಜನರಿಗಾಗಿ 2019ರಲ್ಲಿ ಮಾಡಿದ ಮಾನದಂಡ ಹೇಳುತ್ತದೆ. ಅದು ವಯಸ್ಸಾದವರಿಗೆಂದು ಮಾಡಿದ ಲೆಕ್ಕ. ಮೂವತ್ತೈದರವರು ಅಲ್ಲಿ ಮುಗ್ಗರಿಸಿದರೆ ಗಂಭೀರವಾಗಿ ತಗೊಳ್ಳಿ.

ಮೀನಖಂಡ: ಟೈಲರ್ ಟೇಪಿನಲ್ಲಿ ಅತಿ ದಪ್ಪ ಇರುವ ಕಡೆ ಸುತ್ತಳತೆ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಮಾಂಸ ಕರಗಿರುವ ಸಾಧ್ಯತೆ ಇದೆ. ಕಾಲು ಊದಿದ್ದರೆ ಈ ಅಳತೆ ಸುಳ್ಳಾಗುತ್ತದೆ.

ನಡಿಗೆ: 6 ನಿಮಿಷದಲ್ಲಿ ಮನೆಯ ಅಂಗಳದಲ್ಲೋ ಕಣದಲ್ಲೋ ಎಷ್ಟು ಸುತ್ತು ಆಗುತ್ತದೆ ಎಣಿಸಿ. ಕಾಫಿ ಒಣಗಿಸುವ ಕಣ ಸಮತಟ್ಟಾಗಿರುವುದರಿಂದ ಇದಕ್ಕೆ ಬಹಳ ಚೆನ್ನ.

ನಮ್ಮ ರೈಟರು ಹಳೆಯ ಚೆಕ್‌ರೋಲ್ ಪುಸ್ತಕ ತಂದು, ಆಳುಗಳ ಹೆಸರು ಬರೆಯುವ ಕಾಲಂನಲ್ಲಿ 'ಕುರ್ಚಿ', 'ಕಾಲು', 'ಸುತ್ತು', 'ನೋವು' ಅಂತ ಬರೆದುಕೊಂಡರು. ಮೊದಲ ದಿನ ಕುರ್ಚಿ 17 ಸೆಕೆಂಡ್. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಅಂದೆ. 'ಹತ್ತು ಅಂದ್ರೆ ಎಷ್ಟು ಮೇಡಂ?' ಅಂತ ಕೇಳಿದರು. 'ನೀವು ಆಸ್ಪತ್ರೆಗೆ ಸೇರಿದ ದಿನ ಹತ್ತು, ಉಳಿದದ್ದು ಅದಕ್ಕೆ ಹೋಲಿಸಿ' ಅಂದೆ.

3. ಊಟ, ಕ್ಯಾಪ್ಸೂಲು ಸರಿಯಾಗದೆ ವ್ಯಾಯಾಮ ಬೇಡ

ಇದನ್ನು ಫಿಜಿಯೋಥೆರಪಿ ಲೇಖನದಲ್ಲಿ ಯಾಕೆ ಹೇಳುತ್ತೀರಿ ಅಂತ ಕೇಳಬಹುದು. ಖಾಲಿ ಟ್ಯಾಂಕಿನ ಗಾಡಿಯನ್ನು ಎಷ್ಟು ಒದ್ದರೂ ಸ್ಟಾರ್ಟ್ ಆಗುವುದಿಲ್ಲ, ಅಲ್ವಾ? ತಿಂದದ್ದು ಮೈಗೆ ಹತ್ತದೆ ವ್ಯಾಯಾಮ ಮಾಡಿದರೆ ದೇಹ ತನ್ನ ಮಾಂಸಖಂಡವನ್ನೇ ತಿನ್ನುತ್ತದೆ.

ಮಲ ಜಿಡ್ಡಾಗಿ, ತೇಲುತ್ತಾ, ನೀರು ಹಾಕಿದರೂ ಅಂಟಿಕೊಂಡಿರುತ್ತದೆಯೇ? ವಿಪರೀತ ವಾಸನೆಯೇ? ಹಾಗಿದ್ದರೆ ಕೊಬ್ಬು ಅರಗುತ್ತಿಲ್ಲ. ಡಾಕ್ಟರು ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲು ಬರೆಯುತ್ತಾರೆ. ಸಾಮಾನ್ಯವಾಗಿ ದೊಡ್ಡ ಊಟಕ್ಕೆ 25,000ದಿಂದ 50,000 ಯೂನಿಟ್ ಲೈಪೇಸ್ (ಕೊಬ್ಬು ಅರಗಿಸುವ ಕಿಣ್ವ), ತಿಂಡಿಗೆ ಅದರ ಅರ್ಧ. ಎಷ್ಟು ಅನ್ನುವುದನ್ನು ಅವರೇ ಹೇಳಲಿ. ನಾನು ಹೇಳುವುದು ಸಮಯ ಮಾತ್ರ. ಊಟಕ್ಕೆ ಅರ್ಧ ಗಂಟೆ ಮೊದಲೂ ಅಲ್ಲ, ಕೈ ತೊಳೆದ ಮೇಲೂ ಅಲ್ಲ. ಮೊದಲ ತುತ್ತಿನ ಜೊತೆ. ಎರಡು ಕ್ಯಾಪ್ಸೂಲು ಇದ್ದರೆ ಇನ್ನೊಂದು ಊಟದ ನಡುವೆ. ಅಗಿಯಬೇಡಿ. ಇದು ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ ಔಷಧ ಅನ್ನುವುದೂ ಗೊತ್ತಿರಲಿ. ಮನಸ್ಸಿಗೆ ಅಡ್ಡಿಯಾದರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ದಿನಕ್ಕೆ ಮೂರು ಭರ್ತಿ ಊಟದ ಬದಲು ಐದಾರು ಸಣ್ಣ ಊಟ. ಒಂದು ದೊಡ್ಡ ಮುದ್ದೆಯ ಬದಲು ನಿಂಬೆ ಗಾತ್ರದ್ದು ಎರಡು ಹೊತ್ತಿಗೆ. ಮೊಟ್ಟೆ, ಮೀನು, ಬೇಳೆ, ಮೊಸರು ಪ್ರತಿ ಸಲವೂ ಏನಾದರೊಂದು ಇರಲಿ. ಎಣ್ಣೆ ತುಪ್ಪ ಪೂರ್ತಿ ಬಿಟ್ಟು ಬರೀ ಗಂಜಿ ಕುಡಿದು ಒಣಗಿ ಕಡ್ಡಿಯಾದವರನ್ನು ಜಾಸ್ತಿ ನೋಡಿದ್ದೇನೆ. ಕ್ಯಾಪ್ಸೂಲು ಸರಿಯಾಗಿ ತಗೊಂಡೂ ಮಲ ಜಿಡ್ಡಾಗಿಯೇ ಇದ್ದರೆ ಮಾತ್ರ ಕೊಬ್ಬು ಇಳಿಸುವ ಮಾತು ಬರುತ್ತದೆ.

ವ್ಯಾಯಾಮ ಊಟವಾಗಿ ಒಂದೂವರೆ ಗಂಟೆಯ ಮೇಲೆ.

4. ಶಾಖ: ಎಷ್ಟು, ಎಲ್ಲಿ, ಯಾವಾಗ

ಬಿಸಿನೀರಿನ ಬ್ಯಾಗು ಒಳ್ಳೆಯದೇ. ಬಿಗಿದುಕೊಂಡ ಬೆನ್ನಿನ ಸ್ನಾಯು ಸಡಿಲವಾಗುತ್ತದೆ, ನೋವಿನ ಸುದ್ದಿ ಮೆದುಳಿಗೆ ಹೋಗುವುದು ಕಮ್ಮಿಯಾಗುತ್ತದೆ. ತಪ್ಪಿರುವುದು ನಾವು ಇಡುವ ರೀತಿಯಲ್ಲಿ.

ಕುದಿಯುವ ನೀರು ತುಂಬಬೇಡಿ. ಮುಂಗೈ ಒಳಭಾಗಕ್ಕೆ ಹಿತವಾದ ಬಿಸಿ, ಅಷ್ಟೇ. ಬ್ಯಾಗಿಗೆ ಎರಡು ಪದರ ಟವೆಲ್ ಸುತ್ತಿ. 15ರಿಂದ 20 ನಿಮಿಷ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು. ದಿನಕ್ಕೆ ಎರಡು ಸಲ ಸಾಕು. ಹೊಟ್ಟೆಯ ಮೇಲಲ್ಲ, ಬೆನ್ನಿಗೆ ಇಡಿ: ಹೆಗಲ ಮೂಳೆಯ ಕೆಳತುದಿಯಿಂದ ಸೊಂಟದ ಮೇಲಿನವರೆಗೆ. ಒಂದು ದಿನ ಎಡ, ಒಂದು ದಿನ ಬಲ ಅಂತ ಜಾಗ ಬದಲಿಸುತ್ತಾ ಇರಿ. ಬ್ಯಾಗಿನ ಮೇಲೆ ಮಲಗಿ ನಿದ್ದೆ ಹೋಗಬೇಡಿ.

ಚರ್ಮದಲ್ಲಿ ಬಲೆ ಗೆರೆ ಆಗಲೇ ಮೂಡಿದ್ದರೆ ಆ ಜಾಗಕ್ಕೆ ಮತ್ತೆ ಶಾಖ ಬೇಡ. ಶುರುವಿನಲ್ಲೇ ನಿಲ್ಲಿಸಿದರೆ ತಿಂಗಳುಗಳಲ್ಲಿ ಮಾಸುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಪರೂಪಕ್ಕೆ ಅಲ್ಲೇ ಚರ್ಮದ ಕ್ಯಾನ್ಸರ್ ಆದ ಉದಾಹರಣೆ ಉಂಟು. ಗಂಟು, ಹುಣ್ಣು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದರೆ ಇನ್ನೊಂದು ಪರೀಕ್ಷೆ. ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬೆಚ್ಚಗಿನ ನೀರು. ಕಣ್ಣು ಮುಚ್ಚಿಸಿ ಒಂದೊಂದಾಗಿ ಬೆನ್ನಿಗೆ ಮುಟ್ಟಿಸಿ. ಯಾವುದು ಯಾವುದೆಂದು ಹೇಳಲು ತಡವರಿಸಿದರೆ ಶಾಖವೇ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ. ಹಾಗೆಯೇ ಜ್ವರ, ವಾಂತಿ, ಹೊಸದಾಗಿ ಕೆರಳಿದ ನೋವು ಇರುವಾಗ ಶಾಖ ಇಟ್ಟುಕೊಂಡು ಮನೆಯಲ್ಲಿ ಕಾಯುವುದಲ್ಲ, ಆಸ್ಪತ್ರೆಗೆ ಹೊರಡುವುದು.

5. ಕರೆಂಟಿನ ಪ್ಯಾಡು ಮತ್ತು ಉಳಿದ ಯಂತ್ರಗಳು

ಟೆನ್ಸ್ ಅಂತ ಅಂಗೈ ಗಾತ್ರದ ಯಂತ್ರ. ಚರ್ಮಕ್ಕೆ ಅಂಟಿಸಿದ ಪ್ಯಾಡಿನಿಂದ ಸಣ್ಣ ಕರೆಂಟು ಹರಿದು ಜುಮುಜುಮು ಅನ್ನುತ್ತದೆ. ಈ ಕಾಯಿಲೆಯಲ್ಲಿ ಇದರ ಪುರಾವೆ ಗಟ್ಟಿಯಿಲ್ಲ. ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗೆ ಏನೂ ಇಲ್ಲ. ಕೊಳ್ಳುವ ಮೊದಲು ಯಾವುದಾದರೂ ಫಿಜಿಯೋಥೆರಪಿ ವಿಭಾಗದಲ್ಲಿ ನಾಲ್ಕೈದು ಸಲ ಹಾಕಿಸಿಕೊಂಡು ನೋಡಿ.

ಪ್ಯಾಂಕ್ರಿಯಾಸ್‌ನ ನೋವಿನ ನರಗಳು ಬೆನ್ನಿನ ನಡುಭಾಗದಿಂದ ಬೆನ್ನುಹುರಿ ಸೇರುತ್ತವೆ. ಹಾಗಾಗಿ ಪ್ಯಾಡುಗಳು ಹೆಗಲ ಮೂಳೆಯ ಕೆಳತುದಿಯ ಮಟ್ಟದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕ. 80ರಿಂದ 100 ಹರ್ಟ್ಸ್, ಗಟ್ಟಿಯಾಗಿ ಆದರೆ ನೋಯದಷ್ಟು ಜುಮು, 20ರಿಂದ 30 ನಿಮಿಷ. ಪೇಸ್‌ಮೇಕರ್ ಇದ್ದವರಿಗೆ ಬೇಡ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ಕತ್ತಿನ ಮುಂಭಾಗ, ಎದೆ, ಗಾಯದ ಮೇಲೆ ಅಂಟಿಸಬಾರದು. ಪ್ಯಾಡು ಹಾಕಿಕೊಂಡೇ ನಡೆಯಬಹುದು. ನನಗೆ ಈ ಯಂತ್ರದಲ್ಲಿ ಇಷ್ಟವಾಗುವ ಒಂದೇ ಗುಣ ಅದು.

ಯಂತ್ರದಿಂದ ಮೈಯ ಆಳಕ್ಕೆ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ, ಅಲ್ಟ್ರಾಸೌಂಡ್ ಶಾಖ ಇವನ್ನು ಹೊಟ್ಟೆಯ ಮೇಲೆ ಹಾಕಿಸಿಕೊಳ್ಳಬೇಡಿ. ಲೋಹದ ಸ್ಟೆಂಟ್, ಪೇಸ್‌ಮೇಕರ್ ಇದ್ದರೆ ಡಯಾಥರ್ಮಿ ಕೋಣೆಯ ಹತ್ತಿರವೂ ಹೋಗಬೇಡಿ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ರಷ್ಯಾ, ಪೂರ್ವ ಯೂರೋಪಿನ ಕಡೆಯ ಬರಹಗಳಲ್ಲಿ ಖನಿಜ ನೀರು, ಕೆಸರು ಲೇಪ, ಆಯಸ್ಕಾಂತದ ಚಿಕಿತ್ಸೆ ಸಿಗುತ್ತದೆ. ಅಲ್ಲಿ ಎಸ್ಸೆಂತುಕಿ, ಕಾರ್ಲೊವಿ ವಾರಿ ಥರದ ಊರುಗಳಲ್ಲಿ ವಾರಗಟ್ಟಲೆ ಉಳಿದು ಬುಗ್ಗೆಯ ನೀರು ಕುಡಿಯುವ ಹಳೆಯ ಪದ್ಧತಿ ಇದೆ. ಅಲ್ಲಿ ಉಳಿದವರಿಗೆ ಹೊತ್ತಿಗೆ ಸರಿ ಊಟ, ನಡಿಗೆ, ನಿದ್ದೆ, ಕುಡಿತವಿಲ್ಲದ ದಿನಗಳು ಸಿಗುತ್ತವೆ. ಉಪಕಾರ ಆಗಿದ್ದರೆ ನೀರಿಗಿಂತ ಅದರಿಂದಲೇ ಜಾಸ್ತಿ ಅನ್ನುವುದು ನನ್ನ ಗುಮಾನಿ. ಆ ನೀರನ್ನು ಬಾಟಲಿಯಲ್ಲಿ ತರಿಸಿ ಕುಡಿಯುವ ಖರ್ಚಿಗೆ ಇಲ್ಲಿ ತಿಂಗಳ ಮೊಟ್ಟೆ ಬರುತ್ತದೆ.

6. ಉಸಿರು

ನೋವಿರುವವರ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿರುತ್ತದೆ. ಹೊಟ್ಟೆ ಹಲಗೆಯ ಹಾಗೆ ಬಿಗಿ. ಇದನ್ನು ಬಿಡಿಸುವುದು ಮೊದಲ ವ್ಯಾಯಾಮ. ಮಲಗಿದರೆ ನೋವು ಜಾಸ್ತಿ ಆಗುವವರು ಹಾಸಿಗೆಯ ತಲೆಯ ಕಡೆ ಎರಡು ದಿಂಬು ಒರಗಿಸಿಕೊಳ್ಳಿ, ಮಂಡಿ ಮಡಿಸಿ.

ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ. ಕೆಳಗಿನ ಕೈ ಮಾತ್ರ ಏಳಬೇಕು. ತುಟಿ ಮೊಗ್ಗು ಮಾಡಿ ಆರು ಎಣಿಸುವಷ್ಟು ಹೊರಗೆ, ಒಲೆಯ ಕೆಂಡ ಕೆದಕದ ಹಾಗೆ ಮೆಲ್ಲಗೆ. ಹೊಟ್ಟೆಯನ್ನು ಬಲವಂತವಾಗಿ ಉಬ್ಬಿಸಬೇಡಿ, ತಳ್ಳಬೇಡಿ. 5 ನಿಮಿಷ, ದಿನಕ್ಕೆ ಮೂರು ಸಲ. ನೋವಿನ ಅಲೆ ಬರುತ್ತಿದೆ ಅನ್ನಿಸಿದಾಗಲೂ ಇದನ್ನೇ ಮಾಡಿ.

ಯೋಗದವರು ಈಗ ಕೇಳುತ್ತಾರೆ. ಯೋಗ ಒಳ್ಳೆಯದು. 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದ್ದವರಿಗೆ ವಾರಕ್ಕೆ ಎರಡು ದಿನದ ಹಾಗೆ 12 ವಾರ ಯೋಗ ಕಲಿಸಿದರು. ಜೀವನದ ಗುಣಮಟ್ಟ, ಮನಸ್ಸಿನ ಒತ್ತಡ, ಹಸಿವು ಸುಧಾರಿಸಿದ್ದು ಕಂಡಿತು. ಆದರೆ ಟಿವಿ ನೋಡಿ ಕಪಾಲಭಾತಿ, ನೌಲಿ ಶುರು ಮಾಡಬೇಡಿ. ಹೊಟ್ಟೆಯ ಮೇಲೆ ಭಾರ ಹಾಕುವ ಮಯೂರಾಸನ, ಧನುರಾಸನವೂ ಬೇಡ. ಮಾರ್ಜಾಲಾಸನ, ತಾಡಾಸನ, ಗೋಡೆಗೆ ಕಾಲು ಆನಿಸಿ ಮಲಗುವುದು, ಶವಾಸನ ಸಾಕು.

7. ಬಾಗಿದ ಬೆನ್ನು ಬಿಡಿಸುವುದು

ವರ್ಷಗಟ್ಟಲೆ ಮುಂದಕ್ಕೆ ಬಗ್ಗಿ ಕೂತವರ ಎದೆ ಮುಚ್ಚಿಕೊಂಡಿರುತ್ತದೆ. ತೊಡೆಯ ಸಂದಿನ ಮುಂಭಾಗದ ಸ್ನಾಯು ಗಿಡ್ಡವಾಗಿರುತ್ತದೆ. ಆಮೇಲೆ ಬೆನ್ನು ನೋವು ಪ್ಯಾಂಕ್ರಿಯಾಸ್‌ನಿಂದಲೋ ಈ ಸ್ನಾಯುವಿನಿಂದಲೋ ಹೇಳುವುದೇ ಕಷ್ಟ. ಒಂದು ಸುಳಿವು ಇದೆ. ಎದ್ದು ನಡೆದಾಡಿ, ಕೈ ಮೇಲೆತ್ತಿ, ಪಕ್ಕಕ್ಕೆ ಬಾಗಿದಾಗ ಬದಲಾಗುವ ನೋವಿನಲ್ಲಿ ಸ್ನಾಯುವಿನ ಪಾಲಿದೆ. ಊಟವಾದ ಮೇಲೆ ಬರುವ, ಯಾವ ಕಡೆ ತಿರುಗಿದರೂ ಒಂದೇ ಥರ ಇರುವ ನೋವು ಒಳಗಿನದ್ದು.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ. ಎರಡೂ ಕೈ ಶರಣಾದವರ ಹಾಗೆ ಗೋಡೆಗೆ ತಾಗಿಸಿ ಮೆಲ್ಲಗೆ ಮೇಲೆ ಜಾರಿಸಿ, ಇಳಿಸಿ. 8 ಸಲ. ಮಂಡಿ, ಅಂಗೈ ಊರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು 8 ಸಲ. ಮೂಳೆ ಟೊಳ್ಳಾಗಿದ್ದರೆ ಬೆನ್ನನ್ನು ಜೋರಾಗಿ ಕಮಾನು ಮಾಡಬೇಡಿ, ಅರ್ಧ ಏರಿಸಿದರೆ ಸಾಕು. ಕೊನೆಗೆ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು, ಹಿಂದಿನ ತೊಡೆಯ ಮುಂಭಾಗ ಎಳೆಯುವವರೆಗೆ ಮೆಲ್ಲಗೆ ಮುಂದಕ್ಕೆ ಸರಿಯಿರಿ. 20 ಸೆಕೆಂಡ್, ಎರಡೂ ಕಡೆ.

8. ನಡಿಗೆ

'ದಿನಾ ಒಂದು ಗಂಟೆ ವಾಕಿಂಗ್ ಮಾಡಿ' ಅಂತ ಬರೆದುಕೊಟ್ಟ ಚೀಟಿ ಎಷ್ಟು ನೋಡಿಲ್ಲ! ತಿಂಗಳುಗಟ್ಟಲೆ ಮಲಗಿದ್ದವರು ಮೊದಲ ದಿನವೇ ಒಂದು ಗಂಟೆ ನಡೆದು, ಮಾರನೇ ದಿನ ಏಳಲಾಗದೆ, 'ನಡೆದಿದ್ದಕ್ಕೇ ನೋವು ಜಾಸ್ತಿ ಆಯ್ತು' ಅಂತ ಪೂರ್ತಿ ಬಿಡುತ್ತಾರೆ. ಹಳೇ ನೋವಿನಲ್ಲಿ ನರಗಳೇ ಸೂಕ್ಷ್ಮವಾಗಿಬಿಟ್ಟಿರುತ್ತವೆ. ಸಣ್ಣದಕ್ಕೂ ದೊಡ್ಡ ಗಂಟೆ ಬಾರಿಸುತ್ತವೆ. ಅವಕ್ಕೆ ಗೊತ್ತಾಗದ ಹಾಗೆ ಏರಿಸಬೇಕು.

ಆರಾಮಾಗಿ ಎಷ್ಟು ನಿಮಿಷ ನಡೆಯಬಲ್ಲಿರೋ ಅದರ ಮುಕ್ಕಾಲು ಭಾಗದಿಂದ ಶುರು ಮಾಡಿ. 8 ನಿಮಿಷ ಆಗುತ್ತದೆ ಅಂದರೆ 6 ನಿಮಿಷ, ದಿನಕ್ಕೆ ಮೂರು ಸಲ. ಚೆನ್ನಾಗಿದ್ದೀನಿ ಅನ್ನಿಸಿದ ದಿನವೂ ಆರೇ. ಮೂರು ದಿನಕ್ಕೊಮ್ಮೆ ಒಂದೊಂದು ನಿಮಿಷ ಏರಿಸಿ. ಕೊನೆಗೆ ವಾರಕ್ಕೆ 150 ನಿಮಿಷ ತಲುಪಿದರೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳುವ ಮಟ್ಟಕ್ಕೆ ಬಂದ ಹಾಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ.

ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ. ಸಮತಟ್ಟು, ನೆರಳು, ಅಲ್ಲಲ್ಲಿ ಕೂರಲು ಬೆಂಚು. ಮೊದಲ ಎರಡು ವಾರ ಬೆಂಚಿನಿಂದ ಬೆಂಚಿಗೆ ನಡೆಯಿರಿ. ಚಿಕ್ಕಮಗಳೂರಿನವರು ರತ್ನಗಿರಿ ಬೋರೆಯ ಏರನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ತೋಟದಲ್ಲಿರುವವರಿಗೆ ಮಳೆಗಾಲವೇ ಸಮಸ್ಯೆ. ಜಾರು, ಜಿಗಣೆ, ಬಿಡದ ಸೋನೆ. ಆಗ ಜಗಲಿಯೇ ಗತಿ. ಟ್ರಮಡಾಲ್ ಥರದ ನೋವಿನ ಮಾತ್ರೆ ತಗೊಂಡಿದ್ದರೆ ತಲೆ ಸುತ್ತಬಹುದು. ಏರು, ಮೆಟ್ಟಿಲು, ಒಬ್ಬರೇ ಹೋಗುವುದು ಬೇಡ.

9. ಕಸುವಿನ ವ್ಯಾಯಾಮ

ನಡಿಗೆಯೊಂದರಿಂದ ಮಾಂಸ ಬೆಳೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು ಕೊಟ್ಟು ಇದನ್ನು ಮಾಡಿ. ಶಾಖ ಇಟ್ಟು ತೆಗೆದ ಕೂಡಲೇ ಶುರು.

ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ತಳ್ಳುವುದು. ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು. ಮಂಡಿ ಮಡಿಸಿ ಮಲಗಿ ಸೊಂಟ ಎತ್ತುವುದು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಿಸುವುದು. ಮೊದಲ ವಾರ ಒಂದೊಂದೂ 6 ಸಲ, ಒಂದೇ ಸುತ್ತು. ನಾಲ್ಕನೇ ವಾರದ ಹೊತ್ತಿಗೆ 10 ಸಲದ ಎರಡು ಸುತ್ತು. ಆಮೇಲೆ ಅರ್ಧ ಲೀಟರಿನ ಬಾಟಲಿ ಒಂದು ಲೀಟರ್ ಆಗಲಿ, ಎತ್ತರದ ಕುರ್ಚಿ ಹೋಗಿ ಮಣೆಯ ಹತ್ತಿರ ಹತ್ತಿರ ಬರಲಿ.

ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಬಾಯಿ ಮುಚ್ಚಿ ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಜೋರಾಗಿ 'ಒಂದು, ಎರಡು' ಅಂತ ಎಣಿಸುತ್ತಾ ಮಾಡಿ. ಎಣಿಸುವಾಗ ಯಾರೂ ಉಸಿರು ಕಟ್ಟಲಾರರು. ಆಪರೇಷನ್ ಆಗಿದ್ದರೆ 6ರಿಂದ 8 ವಾರ ಭಾರ ಎತ್ತಬಾರದು ಅನ್ನುವುದು ವಾಡಿಕೆ. ನಿಮ್ಮ ಸರ್ಜನ್ ಹೇಳುವವರೆಗೆ ಉಸಿರು ಮತ್ತು ನಡಿಗೆ ಮಾತ್ರ.

10. ಸಕ್ಕರೆ ಇಳಿದರೆ

ಇಲ್ಲಿ ನನ್ನದೇ ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಆಗ ನಾನಿದ್ದ ಜಾಗದಲ್ಲಿ ಒಬ್ಬರಿಗೆ ಕುರ್ಚಿ ವ್ಯಾಯಾಮ ಮಾಡಿಸುತ್ತಿದ್ದೆ. ಬೆಳಗ್ಗೆ ಇನ್ಸುಲಿನ್ ತಗೊಂಡು, ಬಸ್ಸಿಗೆ ಹೊತ್ತಾಯಿತೆಂದು ತಿಂಡಿ ಬಿಟ್ಟು ಬಂದಿದ್ದರು. ನಾನು ಕೇಳಿರಲಿಲ್ಲ. ಏಳನೇ ಸಲ ಎದ್ದವರು ಹಾಗೇ ನಿಂತರು. ಹಣೆಯಲ್ಲಿ ಬೆವರು, ಹಿಡಿದುಕೊಂಡ ಕುರ್ಚಿ ಕಟಕಟ ಸದ್ದು ಮಾಡುವಷ್ಟು ಕೈ ನಡುಕ. 'ಸುಸ್ತು ಕಣಮ್ಮ' ಅಂದರು, ಮಾತು ತೊದಲಿತು. ಪಕ್ಕದಲ್ಲಿ ಯಾರೋ ಫ್ಲಾಸ್ಕಿನಿಂದ ಬಗ್ಗಿಸಿದ್ದ ಕಾಫಿಗೆ ನಾಲ್ಕು ಚಮಚ ಸಕ್ಕರೆ ಸುರಿದು ಕುಡಿಸಿದೆವು. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ 'ನೋವು ಹೇಗಿದೆ' ಅಲ್ಲ, 'ತಿಂಡಿ ಏನು ತಿಂದ್ರಿ?'

ಪ್ಯಾಂಕ್ರಿಯಾಸ್ ಕೆಟ್ಟು ಬಂದ ಸಕ್ಕರೆ ಕಾಯಿಲೆ ಮಾಮೂಲಿ ಸಕ್ಕರೆ ಕಾಯಿಲೆಯಂಥದ್ದಲ್ಲ. ಸಕ್ಕರೆ ಇಳಿದಾಗ ಅದನ್ನು ಮೇಲಕ್ಕೆತ್ತುವ ಗ್ಲುಕಗಾನ್ ಅನ್ನುವ ಹಾರ್ಮೋನನ್ನೂ ಇದೇ ಗ್ರಂಥಿ ಕೊಡುವುದು. ಅದೂ ಕಮ್ಮಿಯಾಗಿರುತ್ತದೆ. ಹಾಗಾಗಿ ಇಳಿದರೆ ಬೇಗ ಇಳಿಯುತ್ತದೆ, ತಾನಾಗಿ ಏರುವುದಿಲ್ಲ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ವ್ಯಾಯಾಮಕ್ಕೆ ಮೊದಲು ಗ್ಲುಕೋಮೀಟರಿನಲ್ಲಿ ನೋಡಿ. 100ಕ್ಕಿಂತ ಕಮ್ಮಿ ಇದ್ದರೆ ಒಂದು ಬಾಳೆಹಣ್ಣು ತಿಂದು ಶುರು ಮಾಡಿ. 250 ದಾಟಿದ್ದು ಮೈಯೂ ಸರಿಯಿಲ್ಲ ಅನ್ನಿಸಿದರೆ ಅವತ್ತು ಬೇಡ. ನಡುವೆ ಬೆವರು, ನಡುಕ, ಕಣ್ಣು ಮಂಜು ಬಂದರೆ ಕೂತು, ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70ಕ್ಕಿಂತ ಕಮ್ಮಿಯೇ ಇದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ವಾಕಿಂಗಿಗೆ ಹೋಗುವಾಗ ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಲಿ. ಕಡಲೆಮಿಠಾಯಿ ಸಾಲದು, ಅದರ ಕೊಬ್ಬಿನಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ.

11. ಯಾವಾಗ ನಿಲ್ಲಿಸಬೇಕು

ವ್ಯಾಯಾಮದ ಮೇಲೆ ನೋವು ಎರಡು ಅಂಕ ಏರಿ ಒಂದು ಗಂಟೆಯಲ್ಲಿ ಇಳಿದರೆ ಹೆದರಬೇಡಿ. ಮಾರನೇ ದಿನಕ್ಕೂ ಉಳಿದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಆದರೆ ನೋವಿನ ಜೊತೆ ನಿಲ್ಲದ ವಾಂತಿ, ಜ್ವರ, ಕಣ್ಣು ಹಳದಿ, ಟಾರಿನ ಹಾಗೆ ಕಪ್ಪು ಮಲ, ರಕ್ತವಾಂತಿ, ಹೊಟ್ಟೆ ಏಕಾಏಕಿ ಉಬ್ಬುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಬೆಳಗಾಗಲಿ ಅಂತ ಕಾಯಬೇಡಿ. ಸರಿಯಾಗಿ ತಿಂದೂ ತೂಕ ಇಳಿಯುತ್ತಲೇ ಇದ್ದರೆ, ನೋವಿನ ರೀತಿಯೇ ಬದಲಾಗಿದ್ದರೆ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ. ಹಳೇ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಕ್ಯಾನ್ಸರಿನ ಅಪಾಯ ಸ್ವಲ್ಪ ಜಾಸ್ತಿ.

ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟ ಜಾಗದಿಂದ ಶುರು ಮಾಡಬೇಡಿ. ಅರ್ಧದಿಂದ.

ಕುಡಿತ, ತಂಬಾಕು ಎರಡೂ ಬಿಡಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಕುಡಿತ ಬಿಟ್ಟು ಬೀಡಿ ಮುಂದುವರಿಸಿದವರಲ್ಲಿ ಕಾಯಿಲೆಯೂ ಮುಂದುವರಿಯುತ್ತದೆ. ತಂಬಾಕು ಬಿಡಲು 1800-11-2356, ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿಯ 14416. ಎರಡೂ ಪುಕ್ಕಟೆ. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಕಣ್ಣೆದುರಲ್ಲೇ ಬಿಡಿ.

12. ಒಂದು ದಿನ ಹೇಗಿರುತ್ತದೆ?

ರೈಟರು ಮಾಡಿಕೊಂಡ ಲೆಕ್ಕ ಇದು. ಬೆಳಗ್ಗೆ ಏಳಕ್ಕೆ ಹಾಸಿಗೆಯಲ್ಲೇ ಉಸಿರು. ಎಂಟಕ್ಕೆ ಕ್ಯಾಪ್ಸೂಲಿನ ಜೊತೆ ತಿಂಡಿ. ಒಂಬತ್ತೂಕಾಲಿಗೆ ಬೆನ್ನಿಗೆ ಶಾಖ, ಒಂಬತ್ತೂವರೆಗೆ ಕಣದಲ್ಲಿ ನಡಿಗೆ, ಒಂದು ದಿನ ಬಿಟ್ಟು ಒಂದು ದಿನ ಕುರ್ಚಿ. ಮಧ್ಯಾಹ್ನ ಮತ್ತೆ ಉಸಿರು. ಸಂಜೆ ಆಳುಗಳ ಹಾಜರಿ ತಗೊಳ್ಳುವಾಗ ಕೂರದೆ ನಿಂತು ಬರೆಯುವುದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರದ್ದೇ ಉಪಾಯ. ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ಗೋಡೆ ವ್ಯಾಯಾಮ, ಇನ್ನೊಂದು ಸಲ ಶಾಖ, ಉಸಿರು.

ನಾಲ್ಕು ವಾರಕ್ಕೊಮ್ಮೆ ಆ ಮೂರು ಅಳತೆ ಮತ್ತೆ ತಗೊಳ್ಳಿ. ನೋವಿನ ಅಂಕ ಮೊದಲು ಇಳಿಯುವುದಿಲ್ಲ, ಅದನ್ನು ನೋಡಿ ನಿರಾಸೆ ಬೇಡ. ಮೊದಲು ಬದಲಾಗುವುದು ಕುರ್ಚಿ. ಮೂರನೇ ತಿಂಗಳಿಗೆ ಅವರು ಚೆಕ್‌ರೋಲ್ ತಂದಾಗ ಕುರ್ಚಿ 11 ಸೆಕೆಂಡಿಗೆ ಬಂದಿತ್ತು. ನೋವು ಆರರಿಂದ ಐದಕ್ಕೆ, ಕೆಲವು ದಿನ ನಾಲ್ಕು. ನಡುವೆ ಒಂದು ವಾರದ ಮನೆಗಳಲ್ಲಿ ಅಂಕಿಯೇ ಇರಲಿಲ್ಲ. ಕೆಂಪು ಶಾಯಿಯಲ್ಲಿ 'ಗೈರು' ಅಂತ ಬರೆದಿದ್ದರು.

'ಇದೇನು?' ಅಂದೆ.

'ಅಡ್ಮಿಟ್ ಆಗಿದ್ದೆ ಮೇಡಂ. ಬಂದ್ಮೇಲೆ ಅರ್ಧ ಹಾಜರಿಯಿಂದ ಶುರು ಮಾಡ್ದೆ' ಅಂದರು.